ಮುನಿರಾಜು ತಂದ ಕಲ್ಲಿನ ಕುಲ

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ನಾನು ತೆಂಗಿನಕಾಯಿ ಕೊಂಡವನಲ್ಲ. ಹಾಲಿನವಳು ಅಳೆಯುವಾಗ ಅವಳ ಮುಖ ನೋಡುವುದಿಲ್ಲ, ಪಾವಿನ ತಳ ನೋಡುತ್ತೇನೆ. 'ನಿಮಗೆ ಅನುಮಾನದ ಕಾಯಿಲೆ' ಎಂದು ಹೆಂಡತಿ ಅಂದರೆ, ಹಾಗನ್ನಲು ಇವಳಿಗೆ ಯಾರು ಹೇಳಿಕೊಟ್ಟರೋ ಎಂದು ಯೋಚಿಸುತ್ತೇನೆ. ಇಂಥವನ ಮುಂದೆ ಒಬ್ಬ ಕರೀ ಕಲ್ಲೊಂದನ್ನು ಇಟ್ಟು, ಇದು ಆಕಾಶದಿಂದ ಬಿದ್ದದ್ದು ಎಂದರೆ ನನ್ನ ಗತಿ ಏನಾಗಬೇಕು, ನೀವೇ ಹೇಳಿ.

ಇಟ್ಟವನು ನನ್ನ ಹೆಂಡತಿಯ ತಮ್ಮ ಮುನಿರಾಜು. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ, ರಾಜಸ್ಥಾನದ ಮರಳುಗಾಡಿನಲ್ಲಿದ್ದ ಈ ಸಿಪಾಯಿ ರಜೆಗೆಂದು ದೇವನಹಳ್ಳಿಗೆ ಬಂದಿದ್ದ. ಟ್ರಂಕಿನಲ್ಲಿ ಬನಿಯನ್ ಸುತ್ತಿಟ್ಟ ಕಲ್ಲು, ಬೆಲ್ಲದ ಅಚ್ಚಿನಷ್ಟು.

"ಎತ್ತ ನೋಡಿದ್ರೂ ಬರೀ ಮರಳು ಭಾವ. ಮೇಲಿಂದ ಬೀಳ್ದೆ ಇನ್ನೆಲ್ಲಿಂದ ಬರುತ್ತೆ?"

ವಾದವೇನೋ ಚೆನ್ನಾಗಿತ್ತು. ಆದರೆ ವಾದಿಸಿದವನು ಮುನಿರಾಜು. ಚಿಕ್ಕಂದಿನಲ್ಲಿ ಕೋಟೆಯ ಬುರುಜಿನ ಮೇಲೆ ಹುಲಿ ಮಲಗಿದೆಯೆಂದು ಅರ್ಧ ಊರಿನ ಕೈಗೆ ದೊಣ್ಣೆ ಹಿಡಿಸಿದವನು. ಹೋಗಿ ನೋಡಿದರೆ ಯಾರೋ ಒಣಹಾಕಿದ್ದ ಕಂಬಳಿ. ಹೀಗಾಗಿ ಕಲ್ಲನ್ನು ರೈಲು ಕಂಬಿಯ ಪಕ್ಕದಲ್ಲಿ ಎತ್ತಿಕೊಂಡಿದ್ದಾನೆ ಎಂದು ನನ್ನ ಅನುಮಾನ. ಒಳಗೆ ಚಿನ್ನವಿದೆಯೆಂದು ಪಕ್ಕದ ಮನೆಯವರ ಅನುಮಾನ. ಯಾವ ಊರಿನ ದೇವರನ್ನು ಕಿತ್ತು ತಂದನೋ ಎಂದು ನಮ್ಮತ್ತೆಯದು. ಅವರು ಅನುಮಾನಿಸಿ ಸುಮ್ಮನಾಗುವವರಲ್ಲ. ಯಾವುದಕ್ಕೂ ಇರಲಿ ಎಂದು ಎಣ್ಣೆ ಸವರಿ, ಕುಂಕುಮ ಮೆತ್ತಿ, ತುಳಸಿಕಟ್ಟೆಯ ಪಕ್ಕ ಕೂರಿಸಿಯೇಬಿಟ್ಟರು.

ಮದುವೆಯ ಮಾತು ಬಾರದಿದ್ದರೆ ಇದು ನಗೆಯಲ್ಲೇ ಮುಗಿಯುತ್ತಿತ್ತು. ಹೊಸಕೋಟೆ ಕಡೆಯ ಪಿಳ್ಳಪ್ಪನವರ ಮಗಳನ್ನು ನೋಡಿ ಬಂದಾಗಿನಿಂದ ಮುನಿರಾಜುವಿಗೆ ಊಟ ಸೇರುತ್ತಿರಲಿಲ್ಲ. ಪಿಳ್ಳಪ್ಪನವರೋ ಅನುಮಾನದಲ್ಲಿ ನನಗಿಂತ ಒಂದು ಕೈ ಮೇಲು. ಕುಲ ಕೇಳಿದರು, ಕುಲದೊಳಗಿನ ಬೆಡಗು ಕೇಳಿದರು, ನಮ್ಮ ಬಾವಿಯ ನೀರನ್ನೂ ಕುಡಿದು ನೋಡಿದರು. ಹುಡುಗ ಬುರುಡೆ ಬಿಡುತ್ತಾನಂತೆ, ಕಲ್ಲಿನ ಮಾತು ಸುಳ್ಳಾದರೆ ಸಂಬಂಧ ಬೇಡ ಎಂದುಬಿಟ್ಟರು.

ಬೆಂಗಳೂರಿನಲ್ಲಿ ಭೂಗರ್ಭಶಾಸ್ತ್ರ ಹೇಳುವ ಮೇಷ್ಟ್ರೊಬ್ಬರು ನನಗೆ ಪರಿಚಯ. ಕಲ್ಲು ಹೊತ್ತು ನಾನು, ಮುನಿರಾಜು ಹೊರಟೆವು. ನನ್ನನ್ನು ನಂಬದ ಪಿಳ್ಳಪ್ಪನವರೂ ಬಸ್ಸು ಹತ್ತಿದರು. ಮೇಷ್ಟ್ರು ಕನ್ನಡಕ ಏರಿಸಿ, ಕೆಂಪು ನೋಡಿ, ಕಬ್ಬಿಣ ಬಹಳ ತುಕ್ಕು ಹಿಡಿದಿದೆ ಎಂದರು. ಅದು ನಮ್ಮತ್ತೆಯ ಕುಂಕುಮ ಎಂದೆ. ಸೋಪು ಹಾಕಿ ತೊಳೆದರು. ಅಯಸ್ಕಾಂತ ಮೆಲ್ಲಗೆ ಅಂಟಿತು. ಒಂದು ಚೂರನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ನೋಡಬೇಕು, ಆಮೇಲೆ ಬನ್ನಿ ಎಂದರು.

ಮತ್ತೆ ಮೂವರೂ ಹೋದೆವು. ಸೂಕ್ಷ್ಮದರ್ಶಕದಲ್ಲಿ ನಮಗೂ ತೋರಿಸಿದರು. ರಾಗಿಕಾಳಿನಂಥ ದುಂಡು ದುಂಡು ಕಣಗಳು. ಭೂಮಿಯ ಕಲ್ಲಿನಲ್ಲಿ ಇವು ಇರುವುದಿಲ್ಲವಂತೆ. ಆಕಾಶದ್ದೇ, ಆದರೆ ಕಬ್ಬಿಣದ ಉಲ್ಕೆಯಲ್ಲ, ಕಲ್ಲಿನದು, ಅದರಲ್ಲೂ ತೀರಾ ಸಾಮಾನ್ಯ ಪಂಗಡ ಎಂದು ತೀರ್ಪಾಯಿತು. ಪಂಗಡ ಯಾವುದಾದರೇನು, ಮುನಿರಾಜುವಿನ ಮುಖ ಅರಳಿತು.

ಅಷ್ಟರಲ್ಲಿ ಮೇಷ್ಟ್ರು ಇನ್ನೊಂದು ಕೇಳಿದರು. ಇಂಥ ಕಲ್ಲಿಗೆ ಸಿಕ್ಕಿದ ಊರಿನ ಹೆಸರನ್ನೇ ಇಡುವುದು ಪದ್ಧತಿ. ಯಾವ ಊರು? ಮುನಿರಾಜು ತಲೆ ತಗ್ಗಿಸಿದ. ಮೇಷ್ಟ್ರ ಹುಬ್ಬು ಮೇಲೇರಿತು. ಯಾವುದಾದರೂ ಸಂಗ್ರಹಾಲಯದಿಂದ ಬಂದದ್ದೋ ಎಂದರು. ನನಗೆ ಬುರುಜಿನ ಹುಲಿ ನೆನಪಾಯಿತು. ಬಾಯಿಗೆ ಬಂದ ಊರೊಂದನ್ನು ಹೇಳಿಬಿಡೋ ಎಂದು ಕಿವಿಯಲ್ಲಿ ಅಂದೆ.

"ಸುಳ್ಳು ಬೇಡ ಭಾವ," ಅಂದ.

ವಾಪಸು ಬಸ್ಸು ಹತ್ತಿದೆವು. ಸಂಬಂಧ ಮುರಿಯಿತೆಂದೇ ನನ್ನ ಎಣಿಕೆ, ಸಂಕಟವೂ ಆಯಿತು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಪಿಳ್ಳಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು.

"ಹೆಣ್ಣು ಕೈಬಿಟ್ಟೋಗುತ್ತೆ ಅಂತ ಗೊತ್ತಿದ್ರೂ ಸೈನ್ಯದ ಗುಟ್ಟು ಬಿಡ್ಲಿಲ್ಲ ನೋಡಿ. ಇಂಥೋನ್ಗೆ ಕೊಡ್ದೆ ಇನ್ಯಾರ್ಗೆ ಕೊಡ್ಲಿ?"

ಮದುವೆಯಾಯಿತು. ಹೆಸರಿಲ್ಲದ ಕಲ್ಲು ಮತ್ತೆ ಎಣ್ಣೆ ಕುಂಕುಮ ಹಚ್ಚಿಕೊಂಡು ತುಳಸಿಕಟ್ಟೆ ಸೇರಿತು. ಆದರೆ ನನ್ನ ಕಾಯಿಲೆ ವಾಸಿಯಾಗಬೇಕಲ್ಲ? ಎರಡು ಮಕ್ಕಳ ತಂದೆಯಾದವನನ್ನು ಮೊನ್ನೆ ಕೇಳಿದೆ, ಈಗಲಾದರೂ ಊರು ಯಾವುದು ಹೇಳಪ್ಪಾ ಎಂದು.

"ನಂಗೇನ್ ಗೊತ್ತು ಭಾವ? ಕತ್ಲೇಲಿ ಲಾರೀಲಿ ಕರ್ಕೊಂಡೋಗಿ ಇಳಿಸಿದ್ರು. ಯಾವೂರು ಅಂತ ನಮ್ಗೇ ಹೇಳ್ಲಿಲ್ಲ."

ಇದನ್ನು ನಾನು ಪಿಳ್ಳಪ್ಪನವರಿಗೆ ಹೇಳಿಲ್ಲ. ಗುಟ್ಟು ಇಲ್ಲದಿದ್ದರೇನು, ಸುಳ್ಳು ಬೇಡ ಎಂದದ್ದಂತೂ ನಿಜ. ಅಷ್ಟು ಅನುಮಾನದ ಮನುಷ್ಯ ಜೀವಮಾನದಲ್ಲಿ ಒಮ್ಮೆ ಒಬ್ಬರನ್ನು ನಂಬಿದ್ದಾರೆ. ಆ ಕಾಯಿಯನ್ನು ನಾನು ಅಲ್ಲಾಡಿಸಿ ನೋಡುವುದಿಲ್ಲ.