ಹಿಂದಿನ ಚಕ್ರದ ಸದ್ದು

ಸದ್ದು ಮೊದಲು ಕೇಳಿದ್ದು ನನಗೆ. ಸುರತ್ಕಲ್ಲಿನ ಒಂದು ಗೃಹಪ್ರವೇಶ ಮುಗಿಸಿ ಕದ್ರಿಯ ನಮ್ಮ ಮನೆಗೆ ಬರುತ್ತಿದ್ದೆವು. ಕೂಳೂರು ಸೇತುವೆ ದಾಟಿ ಗಾಡಿ ವೇಗ ಹಿಡಿದಾಗ ಪಕ್ಕದ ಮನೆಯಲ್ಲಿ ಯಾರೋ ಗ್ರೈಂಡರಿಗೆ ಅಕ್ಕಿ ಹಾಕಿದ ಹಾಗೆ ಹಿಂದಿನಿಂದ ಗುಂಯ್ ಎನ್ನತೊಡಗಿತು. ವೇಗ ಇಳಿದರೆ ಅದೂ ಇಳಿಯುತ್ತಿತ್ತು. ಏರಿದರೆ ಮತ್ತೆ ಶುರು.

“ಎಂತದೋ ಸೌಂಡ್ ಉಂಟಲ್ಲ?” ಎಂದೆ.

“ಟಯರಿನದ್ದು,” ಎಂದರು ನನ್ನ ಗಂಡ.

“ಟಯರಿನದ್ದು ಹೀಗೆ ಬರ್ತದಾ?”

“ರೋಡ್ ಸರಿ ಇಲ್ಲ ಮಾರಾಯ್ತಿ.”

ಆ ರಸ್ತೆಗೆ ಆಗಷ್ಟೇ ಡಾಮರು ಬಿದ್ದಿತ್ತು.

ಈ ಮಾತುಗಳು ಹೀಗೇ ನಡೆದವೆಂದು ಆಣೆ ಹಾಕಲಾರೆ. ನಾವು ಮನೆಯಲ್ಲಿ ಆಡುವುದು ತುಳು. ಅದನ್ನು ಕನ್ನಡಕ್ಕೆ ದಾಟಿಸುವಾಗಲೇ ದನಿ ಸ್ವಲ್ಪ ಬದಲಾಗುತ್ತದೆ, ಸಿಟ್ಟು ಸ್ವಲ್ಪ ಸಭ್ಯವಾಗುತ್ತದೆ. ಅದಲ್ಲದೆ ನನ್ನ ನೆನಪುಗಳು ಸ್ನಾನ ಮಾಡಿ ತಲೆ ಬಾಚಿಕೊಂಡೇ ನನ್ನ ಮುಂದೆ ಬಂದು ನಿಲ್ಲುತ್ತವೆ. ಹಾಗೆ ಬಂದವರನ್ನು ನಾನು ಸುಲಭವಾಗಿ ನಂಬುವುದಿಲ್ಲ. ಡಾಮರಿನ ವಿಷಯ ಮಾತ್ರ ನಿಜ. ಆಮೇಲೆ ಬೇಕೆಂದೇ ಹೋಗಿ ನೋಡಿದ್ದೇನೆ.

ನನ್ನನ್ನು ಕಾಡಿದ್ದು ಸದ್ದಲ್ಲ. ಅದು ಅವರಿಗೆ ಕೇಳಲಿಲ್ಲ ಎಂಬುದು. ಗಲ್ಫಿನಲ್ಲಿ ದೊಡ್ಡ ದೊಡ್ಡ ಜನರೇಟರುಗಳ ನಡುವೆ ಕೆಲಸ ಮಾಡಿ ಬಂದ ಮನುಷ್ಯ. ಫ್ರಿಜ್ಜಿನ ಸದ್ದು ಚೂರು ಬದಲಾದರೂ ಎದ್ದು ಹೋಗಿ ಅದರ ಬೆನ್ನಿಗೆ ಕಿವಿ ಕೊಡುತ್ತಿದ್ದವರು. ರಜೆಯಲ್ಲಿ ಬಂದಾಗ ನಮ್ಮ ಬೀದಿಯವರೆಲ್ಲ ತಮ್ಮ ಪಂಪು, ಫ್ಯಾನು, ಸ್ಕೂಟರುಗಳನ್ನು ಇವರಿಗೆ ಕೇಳಿಸಲು ಕಾದಿರುತ್ತಿದ್ದರು. ನನಗೂ ಅವರಿಗೂ ಮದುವೆಯಾದ ಮೇಲಿನ ಬಹುಪಾಲು ಕಾಲ ಫೋನಿನಲ್ಲೇ ಹೋಯಿತು. ಅಷ್ಟು ವರ್ಷ ನಾವು ಒಬ್ಬರಿಗೊಬ್ಬರು ಬರೀ ದನಿ, ಬರೀ ಕಿವಿ. ನಾನು “ಎಂತ ಇಲ್ಲ, ಆರಾಮ” ಎಂದರೆ ಅದರಲ್ಲಿ ಎಷ್ಟು ಜ್ವರ ಇದೆ ಎಂದು ಅವರು ಅಲ್ಲಿಂದಲೇ ಹೇಳುತ್ತಿದ್ದರು.

ಈಗ ಪೂರ್ತಿಯಾಗಿ ಊರಿಗೆ ಬಂದು ಒಂದೇ ಮನೆಯಲ್ಲಿ ಇದ್ದೇವೆ. ನಾನು ಅಡುಗೆಮನೆಯಿಂದ ಏನಾದರೂ ಹೇಳಿದರೆ ಚಾವಡಿಯಿಂದ “ಹ್ಞಾಂ ಹ್ಞಾಂ” ಬರುತ್ತದೆ. ಎಲ್ಲದಕ್ಕೂ ಅದೇ. ಗ್ಯಾಸ್ ಮುಗಿಯಿತು ಎಂದರೂ ಹ್ಞಾಂ, ನನಗೆ ಇವತ್ತು ಮನಸ್ಸು ಸರಿಯಿಲ್ಲ ಎಂದರೂ ಹ್ಞಾಂ. ಜನರ ನಡುವೆ ಎಲ್ಲರೂ ನಕ್ಕಾಗ ಇವರೂ ನಗುತ್ತಾರೆ, ಅರೆಕ್ಷಣ ತಡವಾಗಿ. ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಒಂದೇ ಒಂದು ಸಲ ಅವರು “ಕೇಳಲಿಲ್ಲ” ಎನ್ನಬೇಕೆಂದು ನಾನು ಆಸೆಪಟ್ಟೆ. ಗೆಲ್ಲಬೇಕೆಂದಲ್ಲ. ಆ ಹ್ಞಾಂ ಎಂಬ ಪರದೆಯ ಹಿಂದೆ ಮನುಷ್ಯ ದಿನದಿನವೂ ಸ್ವಲ್ಪ ಸ್ವಲ್ಪ ದೂರ ಹೋಗುತ್ತಿದ್ದರು. ಸಮುದ್ರದ ಆಚೆ ಇದ್ದಾಗಲೂ ಅಷ್ಟು ದೂರ ಇರಲಿಲ್ಲ.

ಸದ್ದು ಜೋರಾಯಿತು. ಕೊನೆಗೆ ಅವರೇ, ಏನೋ ತಮಗೇ ಹೊಳೆದವರಂತೆ, “ಹಿಂದಿನ ವ್ಹೀಲ್ ಬೇರಿಂಗ್ ಹೋಗಿರಬೇಕು. ಗಾಡಿಗೂ ವಯಸ್ಸಾಯಿತಲ್ಲ,” ಎಂದರು. ಗ್ಯಾರೇಜಿಗೆ ಬಿಡೋಣ ಎಂದೆ. ಬೇಡವೇ ಬೇಡ ಎಂದರು. “ಅವರು ಬರೀ ಬಡಿಯುವುದು ಮಾರಾಯ್ತಿ. ನಾಲ್ಕು ಬೋಲ್ಟಿನ ಕೆಲಸ. ನಾನೇ ಮಾಡ್ತೇನೆ.”

ಇದು ಹಟ ಎಂದೇ ಆಗ ಅಂದುಕೊಂಡಿದ್ದೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಪಕ್ಕದ ಸೀಟಿನಲ್ಲಿ ಕೂತು ಒಂದು ರೌಂಡ್ ಬರುತ್ತಾನೆ. “ಈಗ ಕೇಳ್ತದಾ ಸಾರ್? ಈಗ?” ಎಂದು ಕೇಳುತ್ತಾನೆ. ಇವರು ತಪ್ಪಿಸಿಕೊಂಡದ್ದು ಆ ಪ್ರಶ್ನೆಯಿಂದ ಎಂದು ನನಗೆ ತಡವಾಗಿ ಹೊಳೆಯಿತು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಮುಂದಿನ ಚಕ್ರಗಳು ಉರುಳದಂತೆ ಕೆಂಪುಕಲ್ಲು ಇಟ್ಟರು. ಹಿಂಭಾಗವನ್ನು ಜಾಕಿನಿಂದ ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟರು. ಆಮೇಲೆ ನೆಲಕ್ಕೆ ಕೂತು, ಒಂದು ಕೈಯನ್ನು ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲಿಟ್ಟು, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದರು. ಬೇರಿಂಗ್ ಸವೆದಿದ್ದರೆ ಒಳಗಿನ ಒರಟು ಸ್ಪ್ರಿಂಗಿನ ಮೂಲಕ ಕೈಗೆ ಬರುತ್ತದಂತೆ. ಎಡಕ್ಕೆ ಹೋಗಿ ನೋಡಿದರು. ಬಲಕ್ಕೆ ಬಂದು ನೋಡಿದರು. ಮತ್ತೆ ಎಡಕ್ಕೆ ಹೋದರು. ನಾಡಿ ನೋಡುವವರ ಹಾಗೆ ಕಣ್ಣು ಮುಚ್ಚಿದ್ದರು.

“ನಿನಗೆ ಎಲ್ಲಿಂದ ಬಂದ ಹಾಗೆ ಆಗ್ತದೆ ಸೌಂಡ್?”

“ಬಲದಿಂದ. ನಿಮ್ಮ ಬೆನ್ನ ಹಿಂದಿನಿಂದಲೇ.”

“ಗ್ಯಾರಂಟಿಯಾ?”

“ಗ್ಯಾರಂಟಿ.”

ಅವರು ಕೈಯನ್ನು ಚಡ್ಡಿಗೆ ಒರೆಸಿಕೊಂಡು, “ಹಾಗಾದರೆ ಬಲ,” ಎಂದರು.

ಚಕ್ರ ಕಳಚಿತು. ಬ್ರೇಕಿನ ಕ್ಯಾಲಿಪರ್ ಬಿಚ್ಚಿ, ಅದು ತನ್ನ ಪೈಪಿನಿಂದ ಜೋತಾಡದಂತೆ ಬಟ್ಟೆ ಒಣಹಾಕುವ ಹಗ್ಗದ ತುಂಡಿನಿಂದ ಕಟ್ಟಿದೆವು. ಕಟ್ಟಿದ್ದು ನಾನು. ಅವರ ಪ್ರಕಾರ ಅವರು. ಡಿಸ್ಕ್ ಹೊರಬಂತು. ಒಳಗೆ ಬೇರಿಂಗನ್ನು ಹೊತ್ತ ಹಬ್ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಸಮುದ್ರದ ಗಾಳಿ ಕುಡಿದ ಕಬ್ಬಿಣ. ಬೋಲ್ಟು ಬಿಚ್ಚಿದರೂ ತುಕ್ಕು ಅದನ್ನು ಬಿಡಲೊಲ್ಲದು. ತುಕ್ಕು ಸಡಿಲಿಸುವ ಎಣ್ಣೆ ಚಿಮುಕಿಸಿ, ಅದು ಇಳಿಯಲಿ ಎಂದು ಚಾ ಕುಡಿಯುತ್ತಾ ಕೂತೆವು.

ಆಗ ಪಕ್ಕದ ಮನೆಯ ಭಟ್ಟರು ದೇವಸ್ಥಾನದಿಂದ ಬಂದರು. ಒದ್ದೆ ಪಂಚೆ, ಕೈಯಲ್ಲಿ ಪ್ರಸಾದದ ಬಾಳೆಲೆ. ಗೇಟಿನ ಆಚೆಯೇ ನಿಂತು, “ಎಂತ ಮಾರಾಯ್ರೆ, ಗಾಡಿಗೆ ಪೋಸ್ಟ್ ಮಾರ್ಟಮ್ಮಾ?” ಎಂದರು. ಇವರು ನಕ್ಕರು. ಭಟ್ಟರು ಗೇಟಿಗೆ ಒರಗಿ ದನಿ ತಗ್ಗಿಸಿ ಏನೋ ಹೇಳಿದರು. ಕಷ್ಟದ ವಿಷಯವನ್ನು ಜನ ದನಿ ತಗ್ಗಿಸಿಯೇ ಹೇಳುತ್ತಾರೆ. ಅವರ ತಂಗಿ ಆಸ್ಪತ್ರೆಯಲ್ಲಿದ್ದಾಳೆ, ಹೊಟ್ಟೆಯ ಆಪರೇಶನ್ನಿಗೆ ಡಾಕ್ಟರು ಹೇಳಿದ್ದಾರೆ ಎಂದು.

“ಒಳ್ಳೇದಾಯ್ತು, ಒಳ್ಳೇದಾಯ್ತು,” ಎಂದರು ನನ್ನ ಗಂಡ, ಮುಖದ ತುಂಬಾ ನಗು.

ಭಟ್ಟರ ಮುಖ ಖಾಲಿಯಾಯಿತು. ನಾನು ಚಾದ ಲೋಟ ಕೆಳಗಿಟ್ಟೆ. “ಆಪರೇಶನ್ ಆದದ್ದು ಒಳ್ಳೇದಾಯ್ತು ಅಂತ ಅವರು ಹೇಳುವುದು.”

“ಆಗಲಿಲ್ಲ ಅಕ್ಕ,” ಎಂದರು ಭಟ್ಟರು. “ನಾಳೆ.”

ಪ್ರಸಾದ ಕೊಟ್ಟು ಹೋದರು. ಪಾಪ, ನಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವರಿಗೆ ಪುರುಸೊತ್ತಿರಲಿಲ್ಲ.

“ಭಟ್ಟರು ಎಂತ ಹೇಳಿದ್ದು ಗೊತ್ತಾಯ್ತಾ?” ಎಂದು ಕೇಳಿದೆ.

“ಗೊತ್ತಾಗದೆ ಎಂತ? ತಂಗಿ ಬರ್ತಾಳಂತೆ ಊರಿಗೆ.”

“ತಂಗಿಗೆ ನಾಳೆ ಆಪರೇಶನ್. ಆಸ್ಪತ್ರೆಯಲ್ಲಿದ್ದಾಳೆ.”

ಅವರು ನನ್ನನ್ನು ನೋಡಲಿಲ್ಲ. ಸುತ್ತಿಗೆ ಎತ್ತಿಕೊಂಡು ಹಬ್ಬಿನ ಅಂಚಿಗೆ ಒಂದು ಮರದ ತುಂಡು ಕೊಟ್ಟು ಬಡಿಯತೊಡಗಿದರು. ಬಡಿದರು, ಸುತ್ತ ತಿರುಗಿಸಿ ಬಡಿದರು. ಅಂಗಳವೆಲ್ಲ ಆ ಸದ್ದು. ಈ ಸದ್ದಾದರೂ ಅವರಿಗೆ ಕೇಳುತ್ತಿದೆಯಲ್ಲ ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಆಗಲೋ ಈಗ ಬರೆಯುವಾಗಲೋ ಹೇಳಲಾರೆ. ಬೈಯಬೇಕೆಂದು ಬಾಯಿ ತೆರೆದವಳು ಅವರ ಕತ್ತು ನೋಡಿದೆ. ಬೆವರಿಗೆ ಅಂಟಿದ ಬಿಳಿ ಕೂದಲು, ಕಿವಿಯ ಹಿಂದೆ ಒಂದು ಗ್ರೀಸಿನ ಗೆರೆ. ಬೈಯುವ ಬದಲು ನನ್ನ ಸೆರಗಿನಿಂದ ಆ ಗೆರೆ ಒರೆಸಿದೆ. ಅದು ಇನ್ನಷ್ಟು ಹರಡಿತು. ಅವರು ಬಡಿಯುವುದನ್ನು ನಿಲ್ಲಿಸಿ ಒರೆಸಲು ಬಿಟ್ಟರು, ಆಮೇಲೆ ಮತ್ತೆ ಬಡಿದರು.

ಹಬ್ ಬಿತ್ತು. ಬಿದ್ದಾಗ ಇಬ್ಬರೂ ಮಕ್ಕಳ ಹಾಗೆ ಕೂಗಿದೆವು. ಅಂಗಡಿಯಿಂದ ಮೊದಲೇ ತಂದಿಟ್ಟಿದ್ದ ಹೊಸದನ್ನು ಕೂರಿಸುವುದು ಸುಲಭದ ಕೆಲಸ. ತುಕ್ಕು ಕೆರೆದು, ಬೋಲ್ಟು ಬಿಗಿದು, ಡಿಸ್ಕ್, ಕ್ಯಾಲಿಪರ್, ಚಕ್ರ ಎಲ್ಲ ಬಿಚ್ಚಿದ ದಾರಿಯಲ್ಲೇ ವಾಪಸು. ನಾನು ಟಾರ್ಚ್ ಹಿಡಿದೆ. ಬೆಳಕು ಬೇಕಾದ ಕಡೆ ಇರಲಿಲ್ಲವಂತೆ. ಇಪ್ಪತ್ತು ಸಲ ಹೇಳಿದರು. ಇರಲಿ.

ಮಧ್ಯಾಹ್ನದ ಊಟವಾದ ಮೇಲೆ ಗಾಡಿ ಓಡಿಸಿ ನೋಡಲು ಬೈಕಂಪಾಡಿಗೆ ಹೋದೆವು. ಭಾನುವಾರ ಅಲ್ಲಿ ಕಾರ್ಖಾನೆಗಳ ಒಳರಸ್ತೆಗಳು ಖಾಲಿ. ಗಾಡಿ ನಲವತ್ತು ದಾಟಿತು.

ಗುಂಯ್.

ಒಂಚೂರೂ ಕಡಿಮೆಯಾಗಿರಲಿಲ್ಲ. ನಾನು ಅವರ ಕಡೆ ತಿರುಗಿದೆ. ಅವರು ಆಗಲೇ ನನ್ನ ಕಡೆ ನೋಡುತ್ತಿದ್ದರು. ಕಿವಿಗೊಟ್ಟು ಕೇಳುತ್ತಿರಲಿಲ್ಲ. ಸದ್ದು ಹೋಯಿತೋ ಇಲ್ಲವೋ ಎಂದು ನನ್ನ ಮುಖದಲ್ಲಿ ಓದುತ್ತಿದ್ದರು.

“ಹೋಯ್ತಲ್ಲ?” ಎಂದರು.

ಹೋಯ್ತು ಎಂದುಬಿಡಬಹುದಿತ್ತು. ಬೆಳಗಿನಿಂದ ಬಿಸಿಲಲ್ಲಿ ದುಡಿದ ಮನುಷ್ಯ. ಬಾಯಿಗೆ ಬಂದಿತ್ತು. ಆದರೆ ಹಾಗಂದರೆ ಹ್ಞಾಂ ಹ್ಞಾಂ ಎನ್ನುವವರು ಮನೆಯಲ್ಲಿ ಇಬ್ಬರಾಗುತ್ತಿದ್ದೆವು. ಮೇಲಾಗಿ ಸವೆದ ಬೇರಿಂಗು ಯಾರ ಮುಖವನ್ನೂ ನೋಡುವುದಿಲ್ಲ.

“ಇಲ್ಲ. ಉಂಟು,” ಎಂದೆ.

ಅವರು ಗಾಡಿಯನ್ನು ಮುಚ್ಚಿದ ಗೇಟೊಂದರ ಬದಿಗೆ ನಿಲ್ಲಿಸಿದರು. ಕೈ ಸ್ಟಿಯರಿಂಗಿನ ಮೇಲೆಯೇ ಇತ್ತು. ಈ ಕತೆಯನ್ನು ನನ್ನ ತಂಗಿಗೆ ಹೇಳುವಾಗ ಇಲ್ಲಿ ನಾನು ಅವರ ಕೈ ಹಿಡಿದುಕೊಂಡೆ ಎಂದಿದ್ದೇನೆ. ಹಿಡಿಯಲಿಲ್ಲ. ನನ್ನ ಕೈಯಲ್ಲಿ ನೀರಿನ ಬಾಟಲಿ ಇತ್ತು.

“ಎಡದ್ದೇ ಹಾಗಾದರೆ,” ಎಂದರು ಕೊನೆಗೆ.

“ಎಡದ್ದೇ ಅಂದರೆ?”

“ಬೆಳಿಗ್ಗೆ ಕೈಗೆ ಎಡ ಅಂತಲೇ ಆಗಿತ್ತು ನನಗೆ.”

“ಮತ್ತೆ ಬಲ ಯಾಕೆ ಬಿಚ್ಚಿದ್ದು ಮಾರಾಯ್ರೆ! ನಾನು ಎಂತ ಮೆಕ್ಯಾನಿಕ್ಕಾ?”

“ನಿನಗೆ ಕೇಳ್ತದಲ್ಲ,” ಎಂದರು.

ಎರಡೇ ಪದ. ಅದರ ಇನ್ನರ್ಧ ಅವರ ಬಾಯಿಂದ ಬರಲಿಲ್ಲ. ನಾನು ಕಾದೆ. ಅವರು ಕನ್ನಡಿ ಸರಿಮಾಡಿಕೊಂಡರು.

“ಹಿಂದಿನ ಸೀಟಿನಲ್ಲಿ ಕೂತುಕೋ. ನಾನು ಅತ್ತ ಇತ್ತ ಓಲಾಡಿಸ್ತೇನೆ. ಬಲಕ್ಕೆ ತಿರುಗಿದಾಗ ಭಾರ ಎಡದ ಚಕ್ರಕ್ಕೆ ಬೀಳ್ತದೆ. ಆಗ ಸೌಂಡ್ ಜಾಸ್ತಿ ಆದರೆ ಎಡದ್ದೇ. ಗ್ಯಾರಂಟಿ ಬೇಡ, ಆಗುವಾಗ ಹೇಳಿದರೆ ಸಾಕು.”

ಹಿಂದೆ ಹೋಗಿ ಕೂತೆ. ಗಾಡಿ ಖಾಲಿ ರಸ್ತೆಯಲ್ಲಿ ಹಾವಿನ ಹಾಗೆ ಹೊರಟಿತು. “ಜಾಸ್ತಿ!” ಎಂದೆ. “ಕಡಿಮೆ!” ಎಂದೆ. ಅವರು ಹ್ಞಾಂ ಎನ್ನಲಿಲ್ಲ. ಪ್ರತಿ ಸಲ ಕನ್ನಡಿಯಲ್ಲಿ ನನ್ನ ತುಟಿ ನೋಡಿದರು. ನಾನು ಬಲಕ್ಕೂ ಎಡಕ್ಕೂ ವಾಲುತ್ತಾ, ಮುಂದಿನ ಸೀಟನ್ನು ತಬ್ಬಿ ಹಿಡಿದು, ನಗು ತಡೆಯಲಾರದೆ ಕೂಗುತ್ತಿದ್ದೆ.

ಒಂದು ಗೇಟಿನ ಮುಂದೆ ಕಾವಲಿನವನು ರಸ್ತೆಗೇ ಇಳಿದು ಕೈ ಅಡ್ಡ ಹಿಡಿದ. ಘಟ್ಟದ ಮೇಲಿನವನು, ಮಾತಿನಲ್ಲೇ ಗೊತ್ತಾಯಿತು. “ಏನ್ರೀ ಸಾಹೇಬ್ರ, ಹಾಡಹಗಲಾಗ ಕುಡದು ಗಾಡಿ ಹೊಡೀತೀರೇನ? ಹಿಂದ ಹೆಣ್ಮಗಳು ಒದರಾಕತ್ಯಾಳ!”

ನನ್ನ ಗಂಡ ಗಾಜು ಇಳಿಸಿದರು. ಮುಖಕ್ಕೆ ಆ ನಗು ಬಂತು, ಭಟ್ಟರಿಗೆ ಕೊಟ್ಟದ್ದೇ. “ಹ್ಞಾಂ,” ಎಂದರು. ಕುಡಿದಿದ್ದೀರೇನು ಎಂದವನಿಗೆ ಹೌದು ಎಂದಾಯಿತಲ್ಲ!

ಆಮೇಲೆ ಏನಾಯಿತೆಂದರೆ ನಗು ಅರ್ಧದಲ್ಲೇ ನಿಂತಿತು. ಅವರು ಹಿಂದಕ್ಕೆ ತಿರುಗಿದರು. ಕನ್ನಡಿಯಲ್ಲಿ ಅಲ್ಲ, ಸೀಟಿನಲ್ಲಿ ಪೂರ್ತಿ ಹೊರಳಿ.

“ಎಂತ ಹೇಳಿದ ಅವ?”

ಹೇಳಿದೆ. ಕಾವಲಿನವನಿಗೆ ಕೇಳಬಾರದೆಂದು ಮೆಲ್ಲಗೆ.

“ಜೋರಾಗಿ ಹೇಳು ಮಾರಾಯ್ತಿ.”

“ಕುಡಿದಿದ್ದೀರಾ ಅಂತ ಕೇಳ್ತಾ ಇದ್ದಾನೆ!” ಕಾರ್ಖಾನೆಯ ಗೋಡೆಗೆ ಬಡಿದು ಅದು ವಾಪಸು ಬಂತು.

ಅವರು ಕಾವಲಿನವನ ಕಡೆ ತಿರುಗಿದರು. “ಕುಡಿಯಲಿಲ್ಲ ಮಾರಾಯ. ನನಗೆ ಕಿವಿ ಕೇಳುವುದಿಲ್ಲ. ಗಾಡಿಯದ್ದು ಬೇರಿಂಗ್ ಹೋಗಿದೆ, ಯಾವ ಕಡೆಯದ್ದು ಅಂತ ಇವಳು ಕೇಳಿ ಹೇಳ್ತಾ ಇದ್ದಾಳೆ.”

ಇಷ್ಟು ವರ್ಷ ನಾನು ಕಾದ ಮಾತನ್ನು, ಹೆಸರೂ ಗೊತ್ತಿಲ್ಲದ ಒಬ್ಬನಿಗೆ, ಬಸ್ಸಿನ ಹೊತ್ತು ಹೇಳಿದಷ್ಟು ಸಲೀಸಾಗಿ ಹೇಳಿದರು.

“ಹಂಗಾರ ಮೊದಲ ಹೇಳಬಾರದೇನ್ರಿ,” ಎಂದು ಅವನು ಪಕ್ಕಕ್ಕೆ ಸರಿದ. ಸರಿದವನು ಅಲ್ಲೇ ನಿಂತು, ನಮ್ಮ ಹಿಂದಿನ ಚಕ್ರಕ್ಕೆ ತಾನೂ ಕಿವಿ ಕೊಟ್ಟ. ಗಾಡಿ ಹೊರಟಿತು. ನಾನು ಮುಂದಿನ ಎರಡು ಸೀಟುಗಳ ನಡುವೆ ಮುಖ ತಂದು, ಅವರ ಕಿವಿಯ ಹತ್ತಿರ, ಬಲಕ್ಕೆ ತಿರುಗಿಸಿ ಎಂದು ಕೂಗಿದೆ.