ಮೂರು ಡಬ್ಬಿ, ಮೂರು ಗ್ರೀಕ್ ಹೆಸರು

ತಮ್ಮನ ಮಗಳು ಹುಟ್ಟಿ ಐದನೆಯ ದಿನ. ಗದಗಿನ ಅವನ ಮನೆಯ ಅಡಿಗೆಕೋಣೆಯಲ್ಲಿ ಕೂತು ನಾನು ಬಾಣಂತಿಗೆ ಅಂಟಿನುಂಡಿ ಕಟ್ಟುವ ತಯಾರಿಯಲ್ಲಿದ್ದೆ. ಒಣಕೊಬ್ಬರಿ ತುರಿದಾಗಿತ್ತು, ಉತ್ತತ್ತಿ ಕುಟ್ಟಿದ್ದಾಗಿತ್ತು, ಅಂಟು ತುಪ್ಪದಲ್ಲಿ ಅರಳುತ್ತಿತ್ತು. ಅಂಟು ಅರಳುವಾಗ ಬಾಣಲಿಯ ಮೇಲಿಂದ ಕಣ್ಣು ತೆಗೆಯುವಂತಿಲ್ಲ, ಒಂದು ಚೂರು ತಡವಾದರೆ ಕರಕಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ತಮ್ಮ ನೋಟುಬುಕ್ಕು ಹಿಡಿದು ಬಾಗಿಲಲ್ಲಿ ಬಂದು ನಿಂತ.

"ಅಕ್ಕಾ, ಆಂಥಿಯಾ ಅನ್ನು ನೋಡೂಣು."

"ಯಾಕೋ, ಏನಾಗೈತಿ ನಿನಗ?"

"ಅನ್ನಬೇ ಒಂದ ಸಲ. ತೊಟ್ಟಲಾ ಹಾಕೂ ದಿವಸ ಕೂಸಿನ ಕಿವಿಯೊಳಗ ನೀನ ಹೇಳಬೇಕಲ್ಲ? ಈಗಿಂದನ ರೂಢಿ ಮಾಡ್ಕೊ."

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲ ಮೇಲೆ ಬಾಗಿ, ಕೂಸಿನ ಕಿವಿಯಲ್ಲಿ ಮೊದಲು 'ಕುರ್ರ್' ಅಂದು, ಆಮೇಲೆ ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಅದಕ್ಕೊಂದು ಕುಬಸದ ಖಣ ಸಿಗುತ್ತದೆ. ನಾಲ್ಕು ಕೂಸುಗಳಿಗೆ ಹೆಸರಿಟ್ಟು ನಾಲ್ಕು ಸಲ ಗುದ್ದಿಸಿಕೊಂಡವಳು ನಾನು. ಯಾವ ಹೆಸರಿಗೂ ಮೊದಲು ರೂಢಿ ಮಾಡಬೇಕಾಗಿ ಬಂದಿರಲಿಲ್ಲ.

ನನ್ನ ತಮ್ಮ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ. ಬೆಳಗಾವಿಯ ಕಾಲೇಜಿನಲ್ಲಿ ಓದುವಾಗ ಯಾವನೋ ಪ್ರೊಫೆಸರ ಅವನ ತಲೆಯಲ್ಲಿ ಗ್ರೀಸ್ ದೇಶವನ್ನು ತುಂಬಿ ಕಳಿಸಿದ್ದ. ಅದು ಇಳಿಯಲೇ ಇಲ್ಲ. ದೇಶ ಸ್ವತಂತ್ರ ಆಗಿದೆ, ಮೊದಲನೆಯ ಚುನಾವಣೆ ಈಗಷ್ಟೇ ಮುಗಿದಿದೆ, ಪ್ರಜಾಪ್ರಭುತ್ವ ಹುಟ್ಟಿದ್ದು ಗ್ರೀಕರಲ್ಲಿ, ಆದ್ದರಿಂದ ತನ್ನ ಮಗಳಿಗೆ ಗ್ರೀಕ್ ಹೆಸರೇ ಆಗಬೇಕು. ಇಷ್ಟು ಅವನ ಲೆಕ್ಕಾಚಾರ. ಅದೂ ಗ್ರೀಕರಲ್ಲೇ ಅಪರೂಪದ ಹೆಸರಾಗಬೇಕಂತೆ. ಇಡೀ ಗದಗ-ಬೆಟಗೇರಿಯಲ್ಲಿ ಒಬ್ಬ ಗ್ರೀಕನನ್ನು ಕಂಡವರಿಲ್ಲ, ಇವನಿಗೆ ಅಲ್ಲಿಯ ಸಾಮಾನ್ಯ ಹೆಸರೂ ಬೇಡ!

ನೋಟುಬುಕ್ಕಿನಲ್ಲಿ ಮೂವತ್ತು ಹೆಸರಿದ್ದವು. ಸೋಸಿ ಸೋಸಿ ಮೂರಕ್ಕೆ ಇಳಿಸಿದ್ದ. ಆಂಥಿಯಾ ಅಂದರೆ ಹೂವಿನಂಥವಳು. ಇರೀನಿ ಅಂದರೆ ಶಾಂತಿ. ಜೊಯಿ ಅಂದರೆ ಜೀವ. ಪ್ರತಿಯೊಂದನ್ನೂ ಅಂಗಳದಲ್ಲಿ ನಿಂತು, ಆಟಕ್ಕೆ ಹೋದ ಮಗಳನ್ನು ಊಟಕ್ಕೆ ಕರೆಯುವ ಹಾಗೆ ಕೂಗಿ ನೋಡುತ್ತಿದ್ದ. "ಇರೀನೀ..." ಎಂದು ಅವನು ಎಳೆದಾಗ ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ, "ಮಾಸ್ತರರ, ಆಕಳ ತಪ್ಪಿಸಿಕೊಂಡೈತೇನ್ರಿ?" ಅಂದಳು. ನಾನು ನಗಲಿಲ್ಲ. ಅಂಟು ಕೆಳಗಿಳಿಸಬೇಕಾಗಿತ್ತು.

ಅವನ ಹೆಂಡತಿ ಶಿರಹಟ್ಟಿಯ ಹುಡುಗಿ. ಇಪ್ಪತ್ತನಾಲ್ಕು ದಾಟಿರಲಿಲ್ಲ. ಮದುವೆಯಾದ ವರ್ಷವೇ ಅವಳ ತಾಯಿ ತೀರಿಕೊಂಡಿದ್ದಳು. ತವರಿನಲ್ಲಿ ಹೆರಿಗೆ ಮಾಡಿಸುವವರಿಲ್ಲ ಅಂತ ಬಾಣಂತನಕ್ಕೆ ನಾನೇ ಲಕ್ಷ್ಮೇಶ್ವರದಿಂದ ಬಂದಿದ್ದೆ. ಬೆಳಿಗ್ಗೆ ಕೂಸಿಗೂ ಅವಳಿಗೂ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹಾಕಿ, ಹೊಟ್ಟೆಗೆ ಹಳೆಯ ಸೀರೆ ಬಿಗಿಯಾಗಿ ಕಟ್ಟಿ, ಶೇಗಡಿಯ ಕೆಂಡದ ಮೇಲೆ ಸಬ್ಬಸಿಗಿ ಬೀಜ ಚೆಲ್ಲಿ ಹೊಗೆ ಹಾಕಿ ಮಲಗಿಸುವುದರೊಳಗೆ ಹತ್ತು ಗಂಟೆ ಆಗುತ್ತಿತ್ತು. ಮಾತು ಕಡಿಮೆಯ ಹುಡುಗಿ. ಅಂಗಳದಲ್ಲಿ ಗಂಡ ಗ್ರೀಕ್ ಕೂಗುವಾಗ ಇವಳು ಕೂಸಿನ ಕಿವಿಯ ಮೇಲೆ ಕೈ ಮುಚ್ಚುತ್ತಿದ್ದಳು.

ಆರನೆಯ ದಿನ ಅವಳ ಬೆನ್ನಿಗೆ ಎಣ್ಣೆ ತಿಕ್ಕುವಾಗ, ಮುಖ ಆಚೆ ಮಾಡಿಯೇ ಮೆಲ್ಲಗೆ ಕೇಳಿದಳು.

"ಅಕ್ಕಾರ, ಕೂಸಿಗೆ ನನ್ನ ಹೆಸರು ಇಡಾಕ ಬರತೈತೇನ್ರಿ?"

"ನಿನ್ನ ಹೆಸರು ನಿನಗ ಐತೆಲ್ಲವಾ."

"ಇದಲ್ಲರಿ. ಶಿರಹಟ್ಟಿಯಾಗಿನ ಹೆಸರು. ನಮ್ಮವ್ವ ಇಟ್ಟಿದ್ದು."

ಅವಳು ಹೇಳಿದ್ದು ನನಗೆ ತಿಳಿಯಿತು. ಮದುವೆಯ ದಿನ ಅಕ್ಕಿ ಹರವಿದ ತಾಟಿನಲ್ಲಿ ಗಂಡ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿದೆ. ನನಗೂ ಬರೆದಿದ್ದರು. ನನ್ನ ತಮ್ಮನಂತೂ ಆ ಕೆಲಸವನ್ನು ಉತ್ಸಾಹದಿಂದ ಮಾಡಿದ್ದ. ಕಾದಂಬರಿಯಲ್ಲಿ ಬರುವಂಥ ಒಂದು ಹೆಸರು ಬರೆದು, ಎಲ್ಲರಿಗೂ ತಾಟು ತೋರಿಸಿದ್ದ. ಆಮೇಲೆ ಆ ಅಕ್ಕಿಯನ್ನು ನಾವು ಪಾಯಸಕ್ಕೆ ಹಾಕಿದೆವು.

"ಅವ್ವ ಇರೂತನಾ ಅಕಿಯರ ಆ ಹೆಸರಲೆ ಕರೀತಿದ್ಲು. ಈಗ ಯಾರೂ ಕರಿಯೋರಿಲ್ಲರಿ" ಅಂದಳು. ಅಳಲಿಲ್ಲ. ನಾನು ಇನ್ನಷ್ಟು ಎಣ್ಣೆ ಸುರಿದುಕೊಂಡು ತಿಕ್ಕಿದೆ. ನೋಡೋಣ ಅಂದೆ. ನೋಡೋಣ ಅನ್ನುವುದು ನನ್ನ ಸ್ವಭಾವ. ಮನೆಯಲ್ಲಿ ಜಗಳ ಬೇಡ, ಗಂಡಸಿನ ಹುಚ್ಚು ತಾನಾಗಿ ಇಳಿಯಲಿ ಅಂತ ಅರ್ಧ ಆಯುಷ್ಯ ಹಾಗೇ ಕಳೆದವಳು.

ಹುಚ್ಚು ಇಳಿಯಲಿಲ್ಲ, ಏರಿತು. ಒಂಬತ್ತನೆಯ ದಿನ ತಮ್ಮ ಮೂರು ಖಾಲಿ ಡಬ್ಬಿ ತಂದು ಪಡಸಾಲೆಯಲ್ಲಿ ಸಾಲಾಗಿ ಇಟ್ಟ. ಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿತ್ರ ಅಂಟಿಸಿದ್ದರಲ್ಲ, ಹಾಗೇ ಇವನೂ ಅಂಟಿಸಿದ್ದ. ಆಂಥಿಯಾಗೆ ಹೂವು, ಇರೀನಿಗೆ ಪಾರಿವಾಳ, ಜೊಯಿಗೆ ದೀಪ. ಓಣಿಯ ಹೆಂಗಸರನ್ನೂ ಮುಂಡರಗಿಯಿಂದ ಬಂದಿದ್ದ ನಮ್ಮ ಚಿಕ್ಕವ್ವನನ್ನೂ ಕರೆಸಿ, ತಲೆಗೊಂದು ಕಡಲೆಕಾಳು ಕೊಟ್ಟು, ಪ್ರಜಾಪ್ರಭುತ್ವದ ಮೇಲೆ ಒಂದು ಭಾಷಣ ಬಿಗಿದ. ಅವರಿಗೆ ಜೋಳದ ಹಿಟ್ಟು ನಾದುವ ಹೊತ್ತಾಗಿತ್ತು.

"ಒಳಗಿನಾಕಿಗೆ ಕಾಳು?" ಅಂದೆ ನಾನು.

"ಬಾಣಂತಿ ಪಡಸಾಲಿಗೆ ಬರೂಹಂಗಿಲ್ಲಲ್ಲ. ಮುಟ್ಟಚಟ್ಟ. ಮತ್ತ ಅಕೀದೂ ನಂದೂ ಒಂದ ಮತ."

ಈ ಮಾತನ್ನು ಅವನು ಚುನಾವಣೆಗೆ ಮೊದಲೂ ಒಮ್ಮೆ ಹೇಳಿದ್ದ. ಮತದಾರರ ಯಾದಿ ಬರೆಯಲು ಗುಮಾಸ್ತ ಬಂದಾಗ, ಹೆಂಡತಿಯ ಹೆಸರಿನ ಜಾಗದಲ್ಲಿ 'ಇಂಥವರ ಹೆಂಡತಿ' ಅಂತ ಬರೆಸಿ ಕಳಿಸಿದವನು ಇವನೇ. ಹೆಸರಿಲ್ಲದ ಹೆಂಗಸರನ್ನೆಲ್ಲ ಯಾದಿಯಿಂದ ತೆಗೆದುಹಾಕಿದರು. ತುಂಬಿದ ಬಸುರಿ, ಹೊಸ ಸೀರೆ ಉಟ್ಟು ಮತಗಟ್ಟೆಯ ಶಾಲೆಯ ತನಕ ನಡೆದು ಹೋದವಳು ಹಾಗೇ ತಿರುಗಿ ಬಂದಳು. ದಾರಿಯುದ್ದಕ್ಕೂ ಇವನು ಅಥೆನ್ಸ್ ಪಟ್ಟಣದಲ್ಲಿ ಮತ ಹೇಗೆ ಹಾಕುತ್ತಿದ್ದರು ಅಂತ ಅವಳಿಗೆ ತಿಳಿಸಿ ಹೇಳಿದನಂತೆ.

ಆದರೂ ನಾನು ಸಮಾಧಾನದಿಂದಲೇ ಹೇಳಿದೆ. "ಹಂಗಾರ ಇನ್ನೊಂದು ಡಬ್ಬಿ ಇಡೋ. ಒಂದು ಹೆಸರು ನಂದೂ ಐತಿ." ಆ ಹೆಸರು ಹೇಳಿದೆ. ಅವನ ಹೆಂಡತಿಯ ಹೆಸರು, ಶಿರಹಟ್ಟಿಯದು.

ಹೇಳಿ ಅವನ ಮುಖ ನೋಡಿದೆ. ಮದುವೆಯ ಕರೆಯೋಲೆಯಲ್ಲಿ ಆ ಹೆಸರು ಅವನ ಹೆಸರಿನ ಪಕ್ಕದಲ್ಲೇ ಅಚ್ಚಾಗಿತ್ತು. ಹೆಣ್ಣು ನೋಡಲು ಹೋದಾಗ ಇವನೇ ಕೇಳಿ, ಅವಳಿಂದಲೇ ಹೇಳಿಸಿದ್ದ. ಮುಖದಲ್ಲಿ ಗುರುತಿನ ಸುಳಿವೇ ಇಲ್ಲ. ಮೂಗು ಮುರಿದ.

"ಎಲ್ಲಿಂದ ಹುಡುಕಿ ತಂದಿಯಕ್ಕಾ ಇದನ್ನ? ಹೊಲದಾಗ ಕಳೇ ತಗಿಯೋರ ಹೆಸರು. ಗ್ರೀಕ್ ಅಲ್ಲ, ಏನಲ್ಲ. ನಾಮಪತ್ರ ತಿರಸ್ಕಾರ!" ಅಂದು ನಕ್ಕ.

ಮೂವತ್ತು ಗ್ರೀಕ್ ಹೆಸರಿನ ಅರ್ಥ ಬಾಯಿಪಾಠ ಇದ್ದವನು. ಅಲ್ಲಿಯ ತನಕ ನಾನು ಅವನನ್ನು ಹುಚ್ಚ ಅಂತ ತಿಳಿದಿದ್ದೆ, ಸಹಿಸಿದ್ದೆ. ಆ ಗಳಿಗೆಯಿಂದ ನನ್ನ ಒಡಹುಟ್ಟಿದವನ ಬಗ್ಗೆ ನನಗೆ ಹೇಸಿಕೆ ಬಂತು. ಅವನಿಗೆ ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಬೇಕು?

ಮತದಾನ ನಡೆಯಿತು. ಚಿಕ್ಕವ್ವ ಪಾರಿವಾಳದ ಡಬ್ಬಿ ನೋಡಿ, "ಕೋಳಿ ಚಿತ್ರ ಮನಿಯೊಳಗ ಯಾಕ ತಂದಿ? ತಗಿ ಅದನ್ನ" ಅಂತ ಬೈದು, ಅದಕ್ಕೆ ಬೆನ್ನು ಮಾಡಿ ಕೂತಳು. ದೀಪದ ಡಬ್ಬಿಗೆ ಯಾರೂ ಹಾಕಲಿಲ್ಲ, ಅದರೊಳಗೆ ಹಿಂದೆ ಸೀಮೆಎಣ್ಣೆ ಇದ್ದು ಇನ್ನೂ ವಾಸನೆ ಬರುತ್ತಿತ್ತು. ಎಲ್ಲ ಕಾಳೂ ಹೂವಿಗೆ ಬಿದ್ದವು. ಒಬ್ಬಳಂತೂ ಕಾಳನ್ನು ಯಾವಾಗಲೋ ಬಾಯಿಗೆ ಹಾಕಿಕೊಂಡಿದ್ದಳು. "ಬಹುಮತದಿಂದ ಆಂಥಿಯಾ!" ಅಂತ ತಮ್ಮ ಘೋಷಣೆ ಮಾಡಿದ. ಹೆಂಗಸರು ಜೋಳದ ಹಿಟ್ಟಿಗೆ ಹೋದರು.

ಮಧ್ಯಾಹ್ನ ಬಾಣಂತಿಗೆ ಊಟ ಇಟ್ಟಾಗ ಅವಳು ನನ್ನ ಮುಖ ನೋಡಲಿಲ್ಲ. ಪಡಸಾಲೆಯ ಮಾತೆಲ್ಲ ಒಳಗೆ ಕೇಳಿಸಿತ್ತು.

"ತಿಳೀಲಿಲ್ಲೇನ್ರಿ ಅವರಿಗೆ?" ಅಂದಳು.

"ಇಲ್ಲ" ಅಂದೆ. ಅವಳು ಅನ್ನಕ್ಕೆ ತುಪ್ಪ ಹಾಕಿಸಿಕೊಂಡು ಕಲಸಿದಳು. ಆಮೇಲೆ ನಾನೇ ಅಂದೆ, "ನೀ ಆ ಹೆಸರು ಬಾಯಿಬಿಟ್ಟು ಹೇಳ್ತೀಯೇನು, ನಾಕು ಮಂದ್ಯಾಗ?" ಅವಳು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿ, ಪಕ್ಕದಲ್ಲಿ ಮಲಗಿದ್ದ ಕೂಸಿನ ಕಡೆ ತಿರುಗಿದಳು.

ಹದಿಮೂರನೆಯ ದಿನ ತೊಟ್ಟಿಲು ಕಟ್ಟಿದೆವು. ಬೆಟಗೇರಿಯ ಹೊಸ ಸೀರೆಯನ್ನು ಒಳಗೆ ಹಾಸಿ, ನಾಲ್ಕೂ ಕಾಲಿಗೆ ಅರಿಷಿಣ ಹಚ್ಚಿ, ಗುಗ್ಗರಿ ಬೇಯಿಸಿ ಇಟ್ಟಿದ್ದೆ. ತಮ್ಮ ಶಾಲೆಯ ಇಬ್ಬರು ಮಾಸ್ತರರನ್ನು ಕರೆದುಕೊಂಡು ಬಂದು, ಬಾಗಿಲ ಬಳಿ ಖುರ್ಚಿ ಹಾಕಿಸಿ ಕೂಡಿಸಿದ್ದ. ಗ್ರೀಕ್ ಹೆಸರು ಕೇಳಲು ಗಂಡಸರೂ ಬೇಕಾಗಿದ್ದರು. ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಿಂದ ಮೂರು ಸಲ ಆಚೀಚೆ ಕೊಟ್ಟು ತಗೊಂಡು ಮಲಗಿಸಿದ ಮೇಲೆ ಎಲ್ಲರೂ ನನ್ನ ಬೆನ್ನಿನ ಹಿಂದೆ ಕೈ ಸಜ್ಜು ಮಾಡಿಕೊಂಡು ನಿಂತರು.

ನಾನು ತೊಟ್ಟಿಲ ಹತ್ತಿರ ಹೋಗಿ, ನಿಂತು, ತಿರುಗಿದೆ.

"ನನಗ ಬರೂದಿಲ್ರವಾ ಆ ಹೆಸರು. ನಾಲಗಿ ತೊಡರತೈತಿ. ಹಡದಾಕಿ ಇದ್ದಾಳ, ಅಕೀನ ಹೇಳಲಿ."

"ಅಕ್ಕಾ, ಹಂಗ ಎಲ್ಲೆರ ಇರತೈತೇನು!" ಅಂದ ತಮ್ಮ. ಚಿಕ್ಕವ್ವ ಒಂದೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿದಳು. "ಹೆಂಗಸರ ಕಾರ್ಯಾದಾಗ ನಿಂದೇನು ನಡೂವ? ಹೇಳವಾ ನೀ. ಗುಗ್ಗರಿ ಆರತಾವ."

ಹುಡುಗಿ ಎದ್ದು ಬಂದಳು. ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡಳು. ತೊಟ್ಟಿಲ ಮೇಲೆ ಬಾಗಿ, 'ಕುರ್ರ್' ಅಂದು, ಕಿವಿಯಲ್ಲಿ ಹೇಳುವುದನ್ನು ಕಿವಿಯಲ್ಲಿ ಹೇಳದೆ, ಎಲ್ಲರಿಗೂ ಕೇಳುವ ಹಾಗೆ ತನ್ನ ಹೆಸರು ಹೇಳಿದಳು. ಮತ್ತೊಮ್ಮೆ ಹೇಳಿದಳು. ಬಾಣಂತಿಯ ಬೆನ್ನಿಗೆ ಹೇಗೆ ಗುದ್ದುವುದು ಅಂತ ಹೆಂಗಸರು ಒಂದು ಕ್ಷಣ ಅನುಮಾನಿಸಿ, ಕಡೆಗೆ ಎಲ್ಲ ಗುದ್ದನ್ನೂ ನನಗೇ ಹಾಕಿದರು. ಎರಡು ದಿನ ಬೆನ್ನು ನೋವಿತ್ತು.

ತಮ್ಮ ಮಾಸ್ತರರಿಗೆ, "ಇದು ಮನಿಯೊಳಗ ಕರಿಯೂ ಹೆಸರ್ರಿ, ಅಧಿಕೃತ ಹೆಸರು ಬ್ಯಾರೆ ಐತಿ" ಅಂತ ವಿವರಿಸುತ್ತಿದ್ದ. ಅವರು ಗುಗ್ಗರಿ ತಿನ್ನುತ್ತಿದ್ದರು.

ಈಗ ಗದಗೂ ನಮ್ಮ ಲಕ್ಷ್ಮೇಶ್ವರವೂ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿವೆ, ಕೂಸು ಶಾಲೆಗೆ ಹೋಗುವಷ್ಟಾಗಿದೆ. ಅಪ್ಪ ಆಂಥಿಯಾ ಅಂತ ಕರೆಯುತ್ತಾನೆ, ಅದು ತಿರುಗಿ ನೋಡುವುದಿಲ್ಲ. ಮಿಕ್ಕವರೆಲ್ಲ ತಾಯಿ ಇಟ್ಟ ಹೆಸರಿನಿಂದ ಕರೆಯುತ್ತಾರೆ. ಹೋದ ಸಲ ನಾನು ಹೋದಾಗ ಚಿಕ್ಕವ್ವ ಅಂಗಳದಿಂದ ಹುಡುಗಿಯನ್ನು ಕೂಗಿದಳು. ಅಡಿಗೆಮನೆಯಿಂದ ಅವರವ್ವ "ಓ" ಅಂದಳು.

"ಕೂಸಿನ್ನ ಕರದರ ನೀ ಯಾಕ ಓ ಅಂತಿ?" ಅಂದ ತಮ್ಮ, ಪುಸ್ತಕದಿಂದ ತಲೆ ಎತ್ತದೆ.

"ರೂಢಿರಿ" ಅಂದಳು ಅವಳು, ರೊಟ್ಟಿ ತಟ್ಟುತ್ತಲೇ.