ಲೈನ್ ನಿಲ್ಲಿಸಿದವರು

ನಂಜನಗೂಡಿನ ಬೈಕ್ ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ಬ್ರೇಕ್ ಪರೀಕ್ಷಿಸುತ್ತಿದ್ದವರು ನಮ್ಮ ಯೂನಿಯನ್ ಕಾರ್ಯದರ್ಶಿ. ನರಸೀಪುರದ ಹತ್ತಿರದ ಹೆಮ್ಮಿಗೆಯವರು. ಪ್ರತಿ ಗಾಡಿಯ ಬ್ರೇಕನ್ನೂ ಒತ್ತಿ ನೋಡಿ, ಸೀಟನ್ನು ಮೆಲ್ಲಗೆ ತಟ್ಟಿ ಮುಂದಕ್ಕೆ ಬಿಡುವರು. "ಕೂರೋರು ನಮ್ಮೋರೇ ಕಣ್ರೀ" ಎನ್ನುವುದು ಅವರ ಮಾತು.

ಒಂದು ಮಧ್ಯಾಹ್ನ ಬ್ರೇಕಿನ ಬೋಲ್ಟುಗಳು ಸಡಿಲವಾಗಿಯೇ ಬರತೊಡಗಿದಾಗ ಕೆಂಪು ಗುಂಡಿ ಒತ್ತಿ, ಗಾಡಿ ಜೋಡಿಸುವ ಇಡೀ ಲೈನ್ ನಿಲ್ಲಿಸಿಬಿಟ್ಟರು.

ಮ್ಯಾನೇಜರ್ ಬಂದು, "ಯೂನಿಯನ್ ಇರೋ ಕಡೆ ಕೆಲಸ ಎಲ್ಲಿ ಆಗುತ್ತೆ?" ಎಂದರು.

"ಕೆಲ್ಸ ನೆಟ್ಟಗಾಗ್ಲಿ ಅಂತ್ಲೇ ನಿಲ್ಸಿದ್ದು ಸಾ," ಎಂದರು ಇವರು.

ಉಳಿದ ಗಾಡಿಗಳನ್ನು ಮುಗಿಸಲು ನಮ್ಮೆಲ್ಲರ ಭಾನುವಾರದ ರಜೆ ಹೋಯಿತು. "ನಮ್ ಪರ ಇರ್ಬೇಕಾದೋರು ಗಾಡಿ ಪರ ನಿಂತ್ರೆ ಎಂಗೆ?" ಎಂದು ನಮ್ಮವನೊಬ್ಬ ಕೂಗಾಡಿದ. ಮುಂದಿನ ಯೂನಿಯನ್ ಚುನಾವಣೆಯಲ್ಲಿ ಅವರು ಸೋತರು. ಕ್ಯಾಂಟೀನಿನಲ್ಲಿ ಅವರ ಮೇಜಿನ ಉಳಿದ ಕುರ್ಚಿಗಳು ಖಾಲಿಯಾದವು.

ಕೆಲವು ತಿಂಗಳ ಮೇಲೆ, ಅಂದು ಕೂಗಾಡಿದವನೇ ನಮ್ಮ ಲೈನಿನ ಬೈಕ್ ಕೊಂಡ. ಪಾಳಿ ಮುಗಿದ ಹೊತ್ತಿಗೆ ಅದನ್ನು ಗೇಟಿನ ಬಳಿ ತಂದು, "ಅಣ್ಣ, ಬ್ರೇಕ್ ಒಂದ್ಸಲ ನೋಡ್ಕೊಡಿ" ಎಂದ. ಅವರು ಮೊಣಕಾಲೂರಿ ಕುಳಿತು ನಿಧಾನವಾಗಿ ನೋಡಿಕೊಟ್ಟರು. ಅವನೂ ನರಸೀಪುರದ ಕಡೆಗೇ ಹೋಗುವವನು. ಒಬ್ಬನೇ ಹತ್ತಿ ಹೊರಟುಹೋದ. ಇವರು ಕೈ ಒರೆಸಿಕೊಂಡು ಬಸ್ಸಿಗೆ ಕಾಯುತ್ತ ನಿಂತರು.